ಎರಡು ಹೊಳೆಗಳ ನಡುವಿನ ಮಾಸ್ತರರು



ಕರೆಯೋಲೆಯಲ್ಲಿ ನನ್ನ ವಿಷಯವನ್ನು ‘ನೆರೆಯ ವಿಶ್ವವಿದ್ಯಾಲಯಗಳ ಸಹಕಾರ’ ಎಂದು ಅಚ್ಚು ಹಾಕಿಸಿದ್ದೀರಿ. ಅದನ್ನು ಓದಿಯೇ ಕೆಲವರು ಮನೆಯಲ್ಲಿ ಉಳಿದಿರಬೇಕು, ಅವರದೇನೂ ತಪ್ಪಿಲ್ಲ. ಕುಲಪತಿಗಳು ಶಾಲು ಹೊದ್ದು ಕಡತ ಬದಲಿಸಿಕೊಳ್ಳುವ ಫೋಟೊ ನೋಡಿ ನೋಡಿ ನಮಗೆಲ್ಲ ಸಾಕಾಗಿದೆ. ಇವತ್ತು ನನಗೆ ಮಾತಾಡಬೇಕಾಗಿರುವುದು ಒಂದೇ ಬಸ್ಸಿನಿಂದ ಇಳಿದು ಬೇರೆ ಬೇರೆ ಗೇಟು ಹೊಗುವ ಮಾಸ್ತರರ ಬಗ್ಗೆ.

ಲೆಕ್ಕ ಹಾಕಿ ನೋಡ್ರಿ. ಯಾದಗಿರಿ ಜಿಲ್ಲೆಯ ಪದವಿ ಕಾಲೇಜುಗಳು ರಾಯಚೂರು ವಿಶ್ವವಿದ್ಯಾಲಯಕ್ಕೆ ಸೇರಿವೆ. ಮಹಿಳಾ ಪದವಿ ಕಾಲೇಜಿಗೆ ಪ್ರಶ್ನೆಪತ್ರಿಕೆ ಬರುವುದು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಿಂದ. ಯಾದಗಿರಿಯ ವೈದ್ಯಕೀಯ ಕಾಲೇಜು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಇಲ್ಲೇ ಶಹಾಪುರದ ಮಗ್ಗುಲಲ್ಲಿ, ಭೀಮರಾಯನಗುಡಿಯಲ್ಲಿರುವ ಕೃಷಿ ಕಾಲೇಜು ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಸುರಪುರ ತಾಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವೂ ಅದರದೇ. ಎಂಜಿನಿಯರಿಂಗ್ ಎಂದರೆ ಬೆಳಗಾವಿ. ಹೀಗೆ ಒಂದು ಜಿಲ್ಲೆಯೊಳಗೆ ಐದು ವಿಶ್ವವಿದ್ಯಾಲಯಗಳು ಪಾಠ ಮಾಡುತ್ತಿವೆ. ಐದಕ್ಕೂ ಬಾಗಿಲು ಬೇರೆ, ರಜೆ ಬೇರೆ, ಪರೀಕ್ಷೆ ಬೇರೆ.

ನಮ್ಮ ಕಾಲೇಜುಗಳು ಯಾವಾಗ ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದವು ಎಂಬ ಇತಿಹಾಸ ನಿಮಗೆ ಗೊತ್ತಿದ್ದದ್ದೇ. 1956ರವರೆಗೆ ಉಸ್ಮಾನಿಯಾ, ಆಮೇಲೆ ಧಾರವಾಡ, 1980ರಿಂದ ಕಲಬುರಗಿ, ಈಗ ರಾಯಚೂರು. ಆ ವಿಶ್ವವಿದ್ಯಾಲಯಕ್ಕೆ ಈಗ ಮಹರ್ಷಿ ವಾಲ್ಮೀಕಿಯ ಹೆಸರಿಟ್ಟಿದ್ದಾರೆ. ಬೇಡ ದೊರೆ ವೆಂಕಟಪ್ಪ ನಾಯಕನ ಸುರಪುರದವರಿಗೆ ಆ ಹೆಸರು ಯಾಕೆ ಮುಖ್ಯ ಎಂದು ಈ ಸಭೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಶಹಾಪುರ, ಸುರಪುರದವರಾದ ನಮಗೆ ಕಲಬುರಗಿಗೆ ಹೋಗಲು ಕಟ್ಟಿ ಸಂಗಾವಿಯಲ್ಲಿ ಭೀಮೆ ಅಡ್ಡ, ರಾಯಚೂರಿಗೆ ಹೋಗಲು ಕೃಷ್ಣೆ ಅಡ್ಡ. ಯಜಮಾನರು ಯಾರೇ ಬದಲಾಗಲಿ, ವಿಶ್ವವಿದ್ಯಾಲಯ ಹೊಳೆಯಾಚೆಗೇ ಉಳಿಯಿತು.

ನನ್ನ ಗೆಳೆಯರೊಬ್ಬರು, ನಿವೃತ್ತ ಪ್ರಾಚಾರ್ಯರು, ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರಿಗೂ ನನಗೂ ಈ ವಿಷಯದಲ್ಲಿ ಹಳೆಯ ಜಗಳ. ಅವರು ಹೇಳುತ್ತಾರೆ: ‘ಸಹಕಾರ ಆಗ್ಯದಲ್ಲ ಮಾರಾಯ, ಇನ್ನೇನು ಬೇಕು? 2021ರಿಂದ ಯುಯುಸಿಎಂಎಸ್ ಬಂದದ. ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲಾದಕ್ಕೂ ರಾಜ್ಯದ ಸಾಮಾನ್ಯ ಪದವಿ ವಿಶ್ವವಿದ್ಯಾಲಯಗಳಿಗೆ ಒಂದೇ ತಂತ್ರಾಂಶ. ನಿಯತಕಾಲಿಕಗಳಿಗೆ ದಿಲ್ಲಿಯವರೇ ಚಂದಾ ಕಟ್ಟತಾರ.’ ಅವರ ಮಾತು ಸುಳ್ಳಲ್ಲ. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ನಿಯತಕಾಲಿಕಗಳು. ಗಾಂಧಿನಗರದ ಇನ್‌ಫ್ಲಿಬ್ನೆಟ್ ಅದನ್ನು ನಡೆಸುತ್ತದೆ. ಅದಕ್ಕೂ ಮೊದಲು ಕೃಷಿಯವರಿಗೆ ‘ಸೆರಾ’ ಎಂಬ ಒಕ್ಕೂಟವಿತ್ತು, ನಮ್ಮಂಥ ಪದವಿ ಕಾಲೇಜುಗಳಿಗೆ 2010ರಿಂದ ‘ಎನ್-ಲಿಸ್ಟ್’. ಭೀಮರಾಯನಗುಡಿಯ ಗ್ರಂಥಪಾಲಕರಿಗೆ ಒಂದು ಪಾಸ್‌ವರ್ಡು, ಶಹಾಪುರದ ಗ್ರಂಥಪಾಲಕರಿಗೆ ಇನ್ನೊಂದು.

ನನ್ನ ತಕರಾರು ಇಷ್ಟೇ. ಈ ವ್ಯವಸ್ಥೆಗಳಲ್ಲಿ ನಾನು ಬೆಂಗಳೂರು, ದಿಲ್ಲಿಗಳ ಜೊತೆ ಕೂಡುತ್ತೇನೆ, ನೀವೂ ಬೆಂಗಳೂರು, ದಿಲ್ಲಿಗಳ ಜೊತೆ ಕೂಡುತ್ತೀರಿ. ನಾವಿಬ್ಬರು ಕೂಡುವುದೇ ಇಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆಮ್‌ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್, ಹ್ಯಾಂಪ್‌ಶೈರ್ ಎಂಬ ನಾಲ್ಕು ಕಾಲೇಜುಗಳೂ ಅಲ್ಲಿನ ರಾಜ್ಯ ವಿಶ್ವವಿದ್ಯಾಲಯವೂ 1965ರಿಂದ ಒಂದು ಒಕ್ಕೂಟ ಮಾಡಿಕೊಂಡಿವೆ. ಒಂದರ ಹುಡುಗ ಇನ್ನೊಂದರಲ್ಲಿ ಪಾಠ ಕೇಳಬಹುದು, ಪುಸ್ತಕ ತರಬಹುದು, ನಡುವೆ ಬಸ್ಸು ಓಡುತ್ತದೆ. ಕೆಲವು ಅಧ್ಯಾಪಕರ ನೇಮಕವೇ ಜಂಟಿಯಾದದ್ದು. ಅವು ಸಿರಿವಂತ ಸಂಸ್ಥೆಗಳು, ಅಲ್ಲಿಯ ಹಾಗೆ ಇಲ್ಲಿ ಎಂದು ನಾನು ಹೇಳುವುದಿಲ್ಲ. ಆದರೆ ಬಸ್ಸಂತೂ ನಮ್ಮಲ್ಲೂ ಓಡುತ್ತದೆ! ಶಹಾಪುರದಿಂದ ಭೀಮರಾಯನಗುಡಿಗೆ ಹೋಗಿ ಬರಲು ಒಂದು ಪಿರಿಯಡ್ ಬಿಡುವಿದ್ದರೆ ಸಾಕು. ನಮ್ಮ ಅರ್ಥಶಾಸ್ತ್ರದವರು ಗುಳೆ ಹೋಗುವ ಕುಟುಂಬಗಳ ಮೇಲೆ ಪ್ರಬಂಧ ಬರೆಯಿಸುತ್ತಾರೆ. ಭೀಮರಾಯನಗುಡಿಯಲ್ಲಿ ಹತ್ತಿ, ತೊಗರಿ, ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗಿನ ಸವುಳು ನೆಲ ಬಲ್ಲವರು ಕೂತಿದ್ದಾರೆ. ಗುಳೆ ಯಾಕೆ ಏಳುತ್ತಾರೆ ಎಂಬುದರ ಅರ್ಧ ಉತ್ತರ ಆ ಕಾಲೇಜಿನಲ್ಲಿದೆ, ಇನ್ನರ್ಧ ಈ ಕಾಲೇಜಿನಲ್ಲಿ.

ಇಲ್ಲಿ ನಮ್ಮ ಗುರುಗಳನ್ನು ನೆನೆಯಬೇಕು. ಹೆಸರು ಹೇಳುವುದಿಲ್ಲ, ಬದುಕಿದ್ದಾಗಲೂ ಅವರಿಗೆ ವೇದಿಕೆಯ ಮೇಲೆ ಹೆಸರು ಕೂಗಿದರೆ ಸಿಟ್ಟು ಬರುತ್ತಿತ್ತು. ಧಾರವಾಡದಲ್ಲಿ ಎಂ.ಎ. ಮಾಡಿ ಈ ಕಡೆ ಕೆಲಸಕ್ಕೆ ಬಂದವರು. ತಿಂಗಳಿಗೊಂದು ರವಿವಾರ ಸುತ್ತಲ ಕಾಲೇಜುಗಳ ಕನ್ನಡ, ಇತಿಹಾಸದ ಮಾಸ್ತರರನ್ನು ತಮ್ಮ ಮನೆಯ ಪಡಸಾಲೆಗೆ ಕರೆಯುತ್ತಿದ್ದರು. ಬಂದವರಲ್ಲಿ ಒಬ್ಬರು ಮುಂದಿನ ವಾರ ತರಗತಿಯಲ್ಲಿ ಮಾಡಬೇಕಾದ ಪಾಠವನ್ನು ಉಳಿದವರ ಮುಂದೆ ಮಾಡಬೇಕು. ಬರೀ ಪಾಠ, ಭಾಷಣವಿಲ್ಲ. ಆಮೇಲೆ ಸುಲಿಗೆ ಶುರು. ಹರಿಹರನ ರಗಳೆಯ ಪಾಠ ಒಪ್ಪಿಸಿ ನಾನು ಬೆವತದ್ದು ಆ ಪಡಸಾಲೆಯಲ್ಲೇ. ‘ಹುಡುಗರ ಮುಂದ ತಪ್ಪು ಹೇಳಿ ಪಾರಾಗಬಹುದು, ಜತೆಗಾರರ ಮುಂದ ಆಗಂಗಿಲ್ಲ’ ಎನ್ನುತ್ತಿದ್ದರು. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ. ಪ್ರಮಾಣಪತ್ರ ಇಲ್ಲ, ಪ್ರಯಾಣಭತ್ಯೆ ಇಲ್ಲ. ಅವರಿಗೆ ವರ್ಗವಾಯಿತು, ಪಡಸಾಲೆಯ ಪಾಠವೂ ನಿಂತಿತು. ನನ್ನ ಗೆಳೆಯರು ಇದನ್ನೇ ಹಿಡಿದು ಕೇಳುತ್ತಾರೆ: ‘ಒಬ್ಬ ಮನುಷ್ಯ ಎದ್ದು ಹೋದರೆ ನಿಲ್ಲೂದು ಅದೆಂಥಾ ಸಹಕಾರ?’ ಅವರು ಹಾಗೆ ಕೇಳಿದಾಗ ನಾನು ಚಹಾ ತರಿಸುತ್ತೇನೆ.

ಸರಕಾರಿ ದಾರಿ ಬೇರೆಯಾಗಿತ್ತು. 1986ರ ಶಿಕ್ಷಣ ನೀತಿಯ ಬೆನ್ನಿಗೆ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಹೆಸರು ಬದಲಾಗುತ್ತಾ ಈಗ ಅವು ಮಾಳವೀಯ ಮಿಷನ್ ತರಬೇತಿ ಕೇಂದ್ರಗಳಾಗಿವೆ. ಮೊದಲೆಲ್ಲ ಓರಿಯೆಂಟೇಶನ್‌ಗೆ ನಾಲ್ಕು ವಾರ, ರಿಫ್ರೆಶರ್‌ಗೆ ಮೂರು ವಾರ ಊರು ಬಿಟ್ಟು ಹೋಗಬೇಕಿತ್ತು. ಮುಗಿಸಿದರೆ ಬಡ್ತಿಯ ಕಡತ ಮುಂದೆ ಹೋಗುತ್ತದೆ. ಅಲ್ಲಿ ಒಳ್ಳೆಯ ಉಪನ್ಯಾಸ ಕೇಳಿದ್ದೇನೆ, ಗೆಳೆಯರನ್ನು ಗಳಿಸಿದ್ದೇನೆ. ಆದರೆ ಒಂದು ಮಾತು ಕೇಳಿರಿ: ಬಡ್ತಿಯೇ ಇಲ್ಲದವನು ಅಲ್ಲಿಗೆ ಯಾಕೆ ಹೋಗಬೇಕು? ಇವತ್ತು ಯಾದಗಿರಿ, ಶಹಾಪುರ, ಸುರಪುರ ಮೂರೂ ಊರಿನ ಸರಕಾರಿ ಪದವಿ ಕಾಲೇಜುಗಳ ಬೆನ್ನೆಲುಬು ಅತಿಥಿ ಉಪನ್ಯಾಸಕರು. 2022ರ ಜನವರಿಯಲ್ಲಿ ಅವರ ಗೌರವಧನವನ್ನು ಗರಿಷ್ಠ 32,000 ರೂಪಾಯಿಗೆ ಏರಿಸಿದರು, ಜೊತೆಗೆ ವಾರಕ್ಕೆ 15 ಗಂಟೆಯ ಕಾರ್ಯಭಾರ ಎಂದರು. ಕಾರ್ಯಭಾರ ಕೂಡಿದಂತೆ ಕೆಲವರ ಕೆಲಸವೇ ಹೋಯಿತು. ಉಳಿದವರು ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲೇ ಮಾರ್ಚ್ ತಿಂಗಳು ಕಳೆಯುತ್ತಾರೆ. ವಾರಗಟ್ಟಲೆ ತರಬೇತಿಗೆ ಇವರನ್ನು ಬಿಡುವವರು ಯಾರು? ಭೀಮರಾಯನಗುಡಿಯ ಕಾಯಂ ವಿಜ್ಞಾನಿಗೆ ಹೈದರಾಬಾದಿನ ನಾರ್ಮ್ ಅಕಾಡೆಮಿ ಇದೆ, ಅಲ್ಲಿ 1976ರಿಂದ ಕೃಷಿ ಸಂಶೋಧಕರನ್ನು ತಯಾರು ಮಾಡುತ್ತಿದ್ದಾರೆ. ಸುರಪುರದ ಅತಿಥಿ ಉಪನ್ಯಾಸಕಿಗೆ ಯಾವ ಊರಿನ ಯಾವ ಅಕಾಡೆಮಿ ಇದೆ? ಅವಳಿಗೆ ಒದಗುವುದು ನೆರೆಹೊರೆ ಮಾತ್ರ. ರವಿವಾರದ ಅರ್ಧ ದಿನ, ಹತ್ತಿರದ ಕಾಲೇಜು, ತನ್ನದೇ ವಿಷಯದ ನಾಲ್ಕು ಜನ. ಇಷ್ಟನ್ನು ರಾಯಚೂರು, ವಿಜಯಪುರ, ಕೃಷಿಯವರು ಕೂಡಿ ಮಾಡಲಿ, ಬಂದವರಿಗೆ ಆ ದಿನದ ಗೌರವಧನ ಕೊಡಲಿ ಎಂಬುದೇ ನನ್ನ ಹಟ.

ನನ್ನ ಇನ್ನೊಂದು ಹುಚ್ಚು ಇಸಾಂಪುರ. ಹುಣಸಗಿ ಕಣಿವೆಯ ಆ ಸುಣ್ಣಕಲ್ಲಿನ ಬಯಲಿನಲ್ಲಿ ಕೈಗೊಡಲಿ ಕೆತ್ತುತ್ತಿದ್ದ ಮನುಷ್ಯರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರ ತಂಡ ತೋರಿಸಿತು. ಪದ್ದಯ್ಯನವರು ಪಿಎಚ್.ಡಿ. ಮಾಡಿದ್ದೇ ಸುರಪುರ ದೋಆಬಿನ ಪ್ರಾಗಿತಿಹಾಸದ ಮೇಲೆ. ಬೂದಿಹಾಳದ ಬೂದಿದಿಬ್ಬವನ್ನು ಅಗೆದು ಓದಿದವರೂ ಅವರೇ. ಅವರಿಗಿಂತ ಶತಮಾನ ಮೊದಲೇ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇಲ್ಲಿಯ ಕಲ್ಲುಗೋರಿಗಳನ್ನು ತೆಗೆಸಿ ನೋಡಿದ್ದ. ಸುರಪುರದಲ್ಲಿ ಅವನಿದ್ದ ಟೇಲರ್ ಮಂಜಿಲ್ ತೋರಿಸಲು ನೆಂಟರನ್ನು ಕರೆದೊಯ್ಯುತ್ತೇವೆ, ಇಸಾಂಪುರಕ್ಕೆ ಎಷ್ಟು ಮಂದಿ ಹೋಗಿದ್ದೀರಿ? ಪುಣೆಯಿಂದ ಬಂದು ಓದಿದ ನೆಲದಲ್ಲಿ ಕಲಬುರಗಿ, ರಾಯಚೂರು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೂಡಿ ಒಂದು ಬೇಸಿಗೆ ಶಾಲೆ ಮಾಡಿ, ಜಿಲ್ಲೆಯ ಇತಿಹಾಸದ ಮಾಸ್ತರರಿಗೆ ಕಲ್ಲು ಕೈಗೆ ಕೊಟ್ಟು ತೋರಿಸಿದರೆ ಖರ್ಚೆಷ್ಟಾದೀತು? ಪ್ರಯೋಗಾಲಯ ಕಟ್ಟಬೇಕಾಗಿಲ್ಲ, ಅದು 12 ಲಕ್ಷ ವರ್ಷದಿಂದ ಹುಣಸಗಿಯಲ್ಲೇ ಬಿದ್ದಿದೆ.

ಇಷ್ಟು ಹೇಳಿದ ಮೇಲೂ ನನಗೊಂದು ಅಳುಕಿದೆ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚಿ ಹಳೆಯವುಗಳಿಗೆ ಸೇರಿಸಬೇಕೆಂದಿತು. ದುಡ್ಡಿಲ್ಲ, ಅಧ್ಯಾಪಕರಿಲ್ಲ ಎಂಬುದು ಕಾರಣ. ಕೊಪ್ಪಳ ಆ ಪಟ್ಟಿಯಲ್ಲಿತ್ತು, ಬೀದರ್ ಉಳಿಯಿತು. ಈಗ ನಾನು ಗ್ರಂಥಾಲಯ ಕೂಡಿಸಿ, ತರಬೇತಿ ಕೂಡಿಸಿ, ಮಾಸ್ತರರನ್ನು ಹಂಚಿಕೊಳ್ಳಿ ಎಂದು ಊರೂರು ಹೇಳಿಕೊಂಡು ತಿರುಗಿದರೆ, ‘ಎಲ್ಲಾ ಹಂಚಿಕೊಳ್ಳೂದಾದ್ರ ಎರಡು ಯಾಕ ಬೇಕು?’ ಎಂದು ವಿಧಾನಸೌಧದಲ್ಲಿ ಯಾರೋ ಕೇಳದೆ ಇರುತ್ತಾರೆಯೇ? ನೆರೆತನ ಕೇಳಿದವನ ಕೈಯಲ್ಲಿ ವಿಲೀನದ ಕಾಗದ ಇಟ್ಟರೆ?

ಕಾನೂನಿನ ಗಂಟೂ ಒಂದಿದೆ. ನಮ್ಮ ಜಿಲ್ಲೆ ಸ್ಥಳೀಯರಿಗೆ ಹುದ್ದೆ ಮೀಸಲಿಡುವ ಸಂವಿಧಾನದ 371(ಜೆ) ವಿಧಿಯೊಳಗಿದೆ, ವಿಜಯಪುರ ಅದರ ಹೊರಗಿದೆ. ಎರಡೂ ಕಡೆ ಪಾಠ ಮಾಡುವ ಒಬ್ಬ ಜಂಟಿ ಅಧ್ಯಾಪಕನನ್ನು ನೇಮಿಸಿದರೆ ಅವನ ಹುದ್ದೆ ಯಾವ ವೃಂದದ್ದು? ಆ ವಿಧಿಗಾಗಿ ಬೀದಿಗಿಳಿದವರಲ್ಲಿ ನಾನೂ ಇದ್ದೆ, ಅದರ ಒಂದು ಅಕ್ಷರ ಸಡಿಲವಾಗುವುದಕ್ಕೂ ನನ್ನ ಒಪ್ಪಿಗೆಯಿಲ್ಲ. ಹಾಗಿದ್ದೂ ವಿಜಯಪುರದ ಪ್ರಾಧ್ಯಾಪಕಿಯೊಬ್ಬರು ಸುರಪುರಕ್ಕೆ ಬಂದು ವರ್ಷವಿಡೀ ಪಾಠ ಮಾಡಲಿ ಎಂಬ ಆಸೆಯೂ ನನ್ನದೇ. ಇವೆರಡನ್ನೂ ಒಟ್ಟಿಗೆ ಹಿಡಿಯುವ ನಿಯಮ ಬರೆಯಲು ಬರುತ್ತದೆಯೇ? ಗೆಳೆಯರು ಕೇಳುವ ಹಾಗೆ, ಆ ರವಿವಾರಗಳಿಗೆ ಸುತ್ತೋಲೆ ಹೊರಡಿಸಿ ಹಾಜರಿ ಪುಸ್ತಕ ಇಟ್ಟರೆ, ಪಡಸಾಲೆಯಲ್ಲಿ ಬೆವರಲು ಯಾರಾದರೂ ಬರುತ್ತಾರೆಯೇ, ಬರೀ ಸಹಿ ಮಾಡಿ ಹೋಗುತ್ತಾರೆಯೇ?