ಫೋನ್ ನಿಮ್ಮದು, ಬೀಗ ಯಾರದು?

ಇವತ್ತು ರಾಜಕಾರಣ ಸ್ವಲ್ಪ ಪಕ್ಕಕ್ಕಿರಲಿ. ನಿಮ್ಮ ಮನೆಯ ವಿಷಯ ಮಾತಾಡೋಣ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಕಬ್ಬಿನ ಸೀಮೆ, ಮಗ್ಗದ ಸೀಮೆ. ಇಲ್ಲಿನ ಮಕ್ಕಳು ಓದಿ ಬೆಂಗಳೂರಿಗೆ ಹೋದರು, ಕೆಲವರು ಅಲ್ಲಿಂದ ಅಮೆರಿಕಕ್ಕೆ, ದುಬೈಗೆ ಹೋದರು. ಹಬ್ಬಕ್ಕೆ ಬರುವಾಗ ಅವ್ವನಿಗೆ ಏನು ತರುತ್ತಾರೆ? ಫೋನು. ಹೊಳೆಯುವ, ದುಬಾರಿ ಫೋನು. ಅವ್ವ ಹಳೇ ಸೆಟ್ಟಿನ ಸಿಮ್ ತೆಗೆದು ಹೊಸದಕ್ಕೆ ಹಾಕಿಸ್ತಾಳೆ. ಪರದೆ ಮೇಲೆ ಒಂದು ಸಾಲು ಬರುತ್ತೆ: ಈ ಸಿಮ್ ನಡೆಯಲ್ಲ.

ಯಾಕ್ರೀ ನಡೆಯಲ್ಲ? ಕಾಸು ಕೊಟ್ಟಿಲ್ವಾ?

ಪೂರ್ತಿ ಕೊಟ್ಟಿಲ್ಲ, ಅದೇ ಕಾರಣ. ಅಮೆರಿಕದಲ್ಲಿ ಬಹಳಷ್ಟು ಫೋನುಗಳನ್ನು ನೆಟ್‌ವರ್ಕ್ ಕಂಪನಿಗಳೇ ಕಂತಿನ ಮೇಲೆ ಮಾರುತ್ತವೆ. ಕಂತು ಮುಗಿಯುವ ತನಕ, ಅಥವಾ ಅವರು ಹೇಳಿದ ಅವಧಿ ಮುಗಿಯುವ ತನಕ, ಆ ಫೋನು ಅವರ ಸಿಮ್‌ಗೆ ಮಾತ್ರ ಬಾಗಿಲು ತೆರೆಯುತ್ತೆ. ಇದನ್ನೇ ಸಿಮ್ ಲಾಕ್ ಅನ್ನೋದು. ಬೀಗದ ಕೈ ಆ ಕಂಪನಿ ಹತ್ತಿರ ಇರುತ್ತೆ. ನಿಮ್ಮೂರಿನ ಮೊಬೈಲ್ ಅಂಗಡಿಯವರ ಹತ್ತಿರ ಇರೋದಿಲ್ಲ.

ಎಲ್ಲ ದೇಶಗಳೂ ಹೀಗಿಲ್ಲ. ಜಪಾನ್ 2021ರ ಅಕ್ಟೋಬರ್‌ನಿಂದ ಇಂಥ ಬೀಗಕ್ಕೆ ಬಹುಮಟ್ಟಿಗೆ ತಡೆ ಹಾಕಿತು. ಬ್ರಿಟನ್ ಅದೇ ವರ್ಷದ ಡಿಸೆಂಬರ್‌ನಿಂದ ಬೀಗ ಹಾಕಿದ ಫೋನು ಮಾರೋದನ್ನೇ ನಿಲ್ಲಿಸಿತು. ಅಮೆರಿಕದಲ್ಲಿ 2014ರಲ್ಲಿ ಒಂದು ಕಾನೂನು ಬಂತು. ಗ್ರಾಹಕ ತನ್ನ ಫೋನಿನ ಬೀಗ ತೆಗೆಸಿಕೊಳ್ಳೋದು ಅಪರಾಧ ಅಲ್ಲ ಅಂತಾಯ್ತು. ಆದರೆ ಬೀಗ ಹಾಕೋದು ನಿಲ್ಲಲಿಲ್ಲ.

ಸರಿ, ಬೀಗ ಇಲ್ಲ ಅಂದುಕೊಳ್ಳಿ. ಅಲ್ಲಿಗೆ ಮುಗೀತಾ? ಇಲ್ಲ. ಎರಡನೇ ತೊಡಕು ತರಂಗಾಂತರದ್ದು. ರೇಡಿಯೊದಲ್ಲಿ ಒಂದೊಂದು ಸ್ಟೇಷನ್‌ಗೆ ಒಂದೊಂದು ನಂಬರ್ ಇದೆಯಲ್ಲ, ಟವರ್‌ಗಳದ್ದೂ ಹಾಗೇ. ಹಳೇ ಕಾಲದಲ್ಲಿ ಅಮೆರಿಕದ ಜಿಎಸ್ಎಂ ಫೋನು 850 ಮತ್ತು 1900ರಲ್ಲಿ ಮಾತಾಡುತ್ತಿತ್ತು, ನಮ್ಮ ಟವರ್‌ಗಳು 900 ಮತ್ತು 1800ರಲ್ಲಿ. ಎರಡಕ್ಕೂ ಭೇಟಿಯೇ ಆಗುತ್ತಿರಲಿಲ್ಲ. ಈಗಿನ ದುಬಾರಿ ಫೋನುಗಳಲ್ಲಿ ಈ ಸಮಸ್ಯೆ ಬಹುತೇಕ ಇಲ್ಲ. ಆದರೆ ಅಲ್ಲಿ ಅಗ್ಗಕ್ಕೆ ಸಿಗೋ ಸೆಟ್ಟುಗಳಲ್ಲಿ ನಮ್ಮ 4ಜಿ ಬ್ಯಾಂಡುಗಳು ಪೂರ್ತಿ ಇರೋದಿಲ್ಲ. ಪೇಟೆಯಲ್ಲಿ ಸಿಗ್ನಲ್ ಬರುತ್ತೆ, ಹೊಲಕ್ಕೆ ಹೋದರೆ ಮಾಯ.

ಮೂರನೇದು ಇನ್ನೂ ವಿಚಿತ್ರ. ನೆಟ್ ಓಡುತ್ತೆ, ಫೋನ್ ಹೋಗಲ್ಲ! 2016ರ ಸೆಪ್ಟೆಂಬರ್ 5ಕ್ಕೆ ಶುರುವಾದ ಜಿಯೋ ಜಾಲದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ. ಅಲ್ಲಿ ಮಾತು ಹೆಚ್ಚಾಗಿ ಹೋಗೋದು 4ಜಿ ಮೂಲಕ, ಅದಕ್ಕೆ ವೋಲ್ಟಿ ಅಂತಾರೆ. ಹೊರದೇಶದ ಫೋನಿನಲ್ಲಿ ನಮ್ಮ ಜಾಲಕ್ಕೆ ವೋಲ್ಟಿ ತೆರೆದಿರದಿದ್ದರೆ ವಾಟ್ಸಾಪ್ ಬರುತ್ತೆ, ಕರೆ ಬರಲ್ಲ.

ನಾಲ್ಕನೇದು, ಸಿಮ್ ಹಾಕೋ ಜಾಗವೇ ಇಲ್ಲದ ಫೋನು. 2022ರ ಐಫೋನ್ 14ರಿಂದ ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ ಸಿಮ್ ಟ್ರೇ ಇಲ್ಲ. ಎಲ್ಲಾ ಇ-ಸಿಮ್. ನಮ್ಮ ಕಂಪನಿಗಳೂ ಇ-ಸಿಮ್ ಕೊಡುತ್ತವೆ, ನಿಜ. ಆದರೆ ನಮ್ಮ ಹಳ್ಳಿಯ ರೂಢಿ ಏನು? ಬ್ಯಾಟರಿ ಹೋಯ್ತು ಅಂದರೆ ಸಿಮ್ ಕಿತ್ತು ಪಕ್ಕದವರ ಸೆಟ್ಟಿಗೆ ಹಾಕೋದು. ಅದು ಇನ್ನು ಆಗಲ್ಲ. ಮೇಲಿಂದ, ಇ-ಸಿಮ್ ಮಾಡಿಕೊಡ್ತೀವಿ, ಬಂದ ಒಟಿಪಿ ಹೇಳಿ ಅಂತ ಫೋನ್ ಮಾಡುವ ವಂಚಕರಿದ್ದಾರೆ. ಹೇಳಿದಿರೋ, ನಿಮ್ಮ ನಂಬರ್ ಅವರ ಕೈಗೆ ಹೋಯ್ತು. ಆಮೇಲೆ ಬ್ಯಾಂಕ್ ಖಾತೆಗೂ ಕೈ ಹಾಕ್ತಾರೆ. ಮೋಸ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಇದು ಶೋಕಿಯ ಫೋನಿನ ಕಥೆ ಅಂತ ನಗಬೇಡಿ. ಕಬ್ಬಿನ ಬಿಲ್ಲು ಖಾತೆಗೆ ಬಿದ್ದ ಸಂದೇಶ, ಪಿಂಚಣಿ, ಗ್ಯಾಸ್ ಸಿಲಿಂಡರ್‌ನ ಒಟಿಪಿ, ನೇಕಾರನಿಗೆ ನೂಲಿನ ವ್ಯಾಪಾರಿಯ ಕರೆ, ಎಲ್ಲಾ ಬರೋದು ಆ ಒಂದು ನಂಬರಿಗೆ. ಆ ನಂಬರ್ ಸತ್ತರೆ ಮನೆಯ ಅರ್ಧ ವ್ಯವಹಾರ ನಿಂತ ಹಾಗೆ.

ಆಗ ಯಾರೋ ಬರ್ತಾರೆ. ನಂಬರ್ ಬದಲಿಸಿ ಸರಿ ಮಾಡಿಕೊಡ್ತೀನಿ, ಎರಡು ಸಾವಿರ ಕೊಡಿ ಅಂತಾರೆ. ಎಚ್ಚರ! ಫೋನಿನ 15 ಅಂಕಿಯ ಐಎಂಇಐ ತಿದ್ದೋದು 2023ರ ದೂರಸಂಪರ್ಕ ಕಾಯ್ದೆಯಡಿ ಅಪರಾಧ. ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಎರಡು ಸಾವಿರ ಉಳಿಸೋಕೆ ಹೋಗಿ ಎಲ್ಲಿಗೆ ಹೋಗ್ತೀರಿ?

ಹಾಗಾದರೆ ಏನು ಮಾಡೋದು? ಕೊಳ್ಳೋ ಮೊದಲೇ ಕೇಳಿ: ಅನ್‌ಲಾಕ್ ಆಗಿದೆಯಾ? ಕಂತು ತೀರಿದೆಯಾ? ನಮ್ಮ ಬ್ಯಾಂಡ್ ಇದೆಯಾ? ಸಿಮ್ ಜಾಗ ಇದೆಯಾ? ಐಫೋನ್ ಆದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ತೆರೆದು ಕ್ಯಾರಿಯರ್ ಲಾಕ್ ಮುಂದೆ ನೋಡಿ. ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತಿದ್ದರೆ ಬೀಗ ಇಲ್ಲ. ಬೀಗ ಇದ್ದರೆ ವಿಮಾನ ಹತ್ತೋ ಮೊದಲು, ಅಲ್ಲಿದ್ದಾಗಲೇ, ಆ ಕಂಪನಿಯಿಂದಲೇ ತೆಗೆಸಿ. ಇಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳೋರು *#06# ಒತ್ತಿ ಐಎಂಇಐ ತೆಗೀರಿ. ಕೆವೈಎಂ ಅಂತ ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು ಆ 15 ಅಂಕಿ ಸೇರಿಸಿ 14422ಕ್ಕೆ ಎಸ್ಎಂಎಸ್ ಕಳಿಸಿ. 2023ರ ಮೇ ತಿಂಗಳಲ್ಲಿ ಬಂದ ಸಂಚಾರ್ ಸಾಥಿಯಲ್ಲೂ ನೋಡಬಹುದು. ಕಳ್ಳ ಮಾಲು ಅಂತ ತಡೆದ ಸೆಟ್ಟಾದರೆ ಅಲ್ಲೇ ಗೊತ್ತಾಗುತ್ತೆ.

ಕಂಪನಿಗಳಿಗೂ ಒಂದು ಮಾತು. ಮುಂದಿನ ದಿನಗಳು ಇ-ಸಿಮ್‌ನದ್ದು ಅಂತ ನೀವೇ ಹೇಳ್ತೀರಿ. ಬೀಳಗಿಯ ಅಜ್ಜಿ ಸೆಟ್ ಬದಲಿಸಬೇಕಾದರೆ ಜಿಲ್ಲಾ ಕೇಂದ್ರಕ್ಕೆ ಅಲೆಯಬೇಕಾ? ಪ್ರತಿ ತಾಲೂಕಿನಲ್ಲಿ, ಕನ್ನಡದಲ್ಲಿ ತಿಳಿಸಿ ಹೇಳುವ ಒಬ್ಬ ಮನುಷ್ಯನನ್ನು ಕೂರಿಸಿ. ಅದು ಉಪಕಾರ ಅಲ್ಲ, ಆಕೆ ರೀಚಾರ್ಜ್ ಮಾಡಿಸೋ ದುಡ್ಡಿಗೆ ನೀವು ಕೊಡಬೇಕಾದ ಸೇವೆ.

ಮಕ್ಕಳೇ, ನಿಮ್ಮ ಅವ್ವ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳಲ್ಲ. ನಿಮ್ಮ ಕರೆ ಬಂದರೆ ಅದು ರಿಂಗ್ ಆಗಬೇಕು, ಅಷ್ಟೇ. ಬೀಗ ಇಲ್ಲದ ಫೋನು ಕಳಿಸಿ.