ಮೊದಲು ಬಿಡಿಸಿ, ಆಮೇಲೆ ಉತ್ತರಿಸಿ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಾಫ್ಟ್‌ವೇರ್ ಇಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದುಕೊಂಡಿರಬಹುದು. ನಾನು ಹೇಳಬೇಕೆಂದಿರುವುದು ಇದೇ ಶಾಲೆಯಲ್ಲಿ ಕಲಿತ ಗಣಿತದ ಒಂದು ಪಾಠದ ಬಗ್ಗೆ.

ಈ ಪೆಂಡಾಲಿನಲ್ಲಿ 72 ಕುರ್ಚಿ ಹಾಕಬೇಕು ಅನ್ನಿ. ಎಂಟರಂತೆ ಒಂಬತ್ತು ಸಾಲು ಮಾಡಬಹುದು, ಹನ್ನೆರಡರಂತೆ ಆರು ಸಾಲು ಮಾಡಬಹುದು. ಇನ್ನೊಂದು ಕುರ್ಚಿ ತಂದರೆ 73. ಈಗ ಎಲ್ಲವನ್ನೂ ಒಂದೇ ಸಾಲಿನಲ್ಲಿ ಇಡಬೇಕು, ಇಲ್ಲವೇ ಒಂದರ ಹಿಂದೆ ಒಂದು ಇಡಬೇಕು. 73 ಅವಿಭಾಜ್ಯ ಸಂಖ್ಯೆ. 72ನ್ನು ಬಿಡಿಸಿದರೆ 2×2×2×3×3. ಯಾವ ದಾರಿಯಲ್ಲಿ ಬಿಡಿಸಿದರೂ ಕೊನೆಗೆ ಉಳಿಯುವುದು ಇವೇ ಐದು. ಇದೇ ಅಂಕಗಣಿತದ ಮೂಲ ಪ್ರಮೇಯ.

ಬಿ.ಇ. ಕೊನೆಯ ವರ್ಷ ಒಂದು ಕಂಪನಿಯ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಹೀಗೊಂದು ಪ್ರಶ್ನೆ ಬಂತು: ಒಂದು ಧನ ಪೂರ್ಣಾಂಕದ ವರ್ಗ 72ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಆ ಪೂರ್ಣಾಂಕವನ್ನು ಖಂಡಿತವಾಗಿ ಭಾಗಿಸುವ ಅತಿ ದೊಡ್ಡ ಸಂಖ್ಯೆ 6, 12, 24, 36 ಇವುಗಳಲ್ಲಿ ಯಾವುದು? ಗಾಬರಿಯಲ್ಲಿ 36ಕ್ಕೆ ಗುರುತು ಹಾಕಿದೆ. 72ರ ಅರ್ಧ ಎನ್ನುವುದು ಬಿಟ್ಟರೆ ಬೇರೆ ಕಾರಣ ಇರಲಿಲ್ಲ. ಆ ಪರೀಕ್ಷೆಯಲ್ಲಿ ನಾನು ಪಾಸಾಗಲಿಲ್ಲ. ಕನ್ನಡ ಮಾಧ್ಯಮದವನಿಗೆ ಇದು ಆಗುವ ಕೆಲಸವಲ್ಲ ಎಂದು ಹಾಸ್ಟೆಲಿಗೆ ಬಂದು ಸುಮ್ಮನೆ ಮಲಗಿದೆ.

ರಾತ್ರಿ ಎದ್ದು ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಬರೆದುಕೊಂಡೆ. ಇಂಟಿಜರ್ ಅಂದರೆ ಪೂರ್ಣಾಂಕ, ಫ್ಯಾಕ್ಟರ್ ಅಂದರೆ ಅಪವರ್ತನ. ವರ್ಗದಲ್ಲಿ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ ಜೋಡಿ ಜೋಡಿಯಾಗಿಯೇ ಇರಬೇಕು. 72ರಲ್ಲಿ 3ಕ್ಕೆ ಜೋಡಿ ಇದೆ. 2 ಮೂರು ಸಲ ಇದೆ, ಒಂದಕ್ಕೆ ಜೋಡಿ ಇಲ್ಲ. ಹಾಗಾಗಿ ಆ ವರ್ಗದಲ್ಲಿ 2 ಕಡಿಮೆಯೆಂದರೂ ನಾಲ್ಕು ಸಲ ಇರಲೇಬೇಕು. ಪ್ರತಿ ಜೋಡಿಯಿಂದ ಒಂದೊಂದನ್ನು ತೆಗೆದರೆ ಮೂಲ ಸಂಖ್ಯೆಯಲ್ಲಿ 2×2×3, ಅಂದರೆ 12 ಇದ್ದೇ ಇರುತ್ತದೆ. ಆ ಸಂಖ್ಯೆ 12 ಮಾತ್ರವೇ ಆಗಿರಲೂಬಹುದು, ಏಕೆಂದರೆ ಅದರ ವರ್ಗ 144ನ್ನು 72 ಭಾಗಿಸುತ್ತದೆ. ಆದ್ದರಿಂದ 24, 36 ಖಂಡಿತ ಎನ್ನುವಂತಿಲ್ಲ. ಉತ್ತರ 12. ಐದು ನಿಮಿಷವೂ ಹಿಡಿಯಲಿಲ್ಲ. ನನ್ನನ್ನು ಸೋಲಿಸಿದ್ದು ಗಣಿತವಲ್ಲ, ಅಂಜಿಕೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದೂ ಅಲ್ಲ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಮಹಾವೀರಾಚಾರ್ಯನ ಒಂದು ಗುಣಾಕಾರ ನೋಡಿ: 152207×73. ಉತ್ತರ 11111111, ಎಂಟು ಒಂದುಗಳ ಹಾರ! ಏಕೆ ಹೀಗೆ? ಈ ಹಾರವನ್ನು ಬಿಡಿಸಿದರೆ 11×73×101×137. ನಮ್ಮ ಕುರ್ಚಿಯ 73ನ್ನು ಹೊರಗಿಟ್ಟು ಉಳಿದವನ್ನು ಗುಣಿಸಿ, 152207 ಬರುತ್ತದೆ.

ಮಕ್ಕಳೇ, ನಾಳೆ ನೀವು ಮುಂಡಗೋಡಿಗೋ ಶಿರಸಿಗೋ ಪಿಯುಸಿಗೆ ಹೋಗುತ್ತೀರಿ. ಪುಸ್ತಕದ ಭಾಷೆ ಬದಲಾಗಬಹುದು, 72ರ ಒಳಗಿನ ಎರಡು ಮೂರುಗಳು ಬದಲಾಗುವುದಿಲ್ಲ. ಇಂಗ್ಲಿಷ್ ಕಲಿಯಿರಿ, ಅದು ಬೇಕು. ಆದರೆ ಪ್ರಶ್ನೆ ಹೆದರಿಸಿದಾಗ ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ, ಸಂಖ್ಯೆಯನ್ನು ಬಿಡಿಸಿ, ಆಮೇಲೆ ಉತ್ತರ ಗುರುತು ಮಾಡಿ.

ಇವತ್ತು ಸಂಜೆಯವರೆಗೂ ಇಲ್ಲೇ ಇರುತ್ತೇನೆ. ಲೆಕ್ಕ ಇದ್ದವರು ನೋಟ್‌ಬುಕ್ ಹಿಡಿದು ಬನ್ನಿ.