ಮೆಣಸು, ಸಾಸಿವೆ ಮತ್ತು ಒಂದು ಉದ್ದ ಬೆನ್ನು



ಎಡಿನ್‌ಬರಾದ ನಮ್ಮ ಕನ್ನಡ ಮನೆಗಳವರು ಸೇರಿ ನಡೆಸುವ ಈ ಶ್ವಾನ ಮೇಳಕ್ಕೆ ಪಶುವೈದ್ಯನಾದ ನನ್ನನ್ನು ಕರೆದಿದ್ದೀರಿ, ತುಂಬ ಸಂತೋಷ. ಬಾಗಿಲ ಬಳಿ ಕೂತಿರುವ ಆ ಪುಟ್ಟ ನಾಯಿಯ ಬಗ್ಗೆಯಷ್ಟೇ ಮಾತಾಡುತ್ತೇನೆ. ಉದ್ದ ಮೈ, ಗಿಡ್ಡ ಕಾಲು, ತಲೆಯ ಮೇಲೆ ರೇಷ್ಮೆಯಂಥ ಜುಟ್ಟು, ಅದರಡಿ ದೊಡ್ಡ ಕಂದುಗಣ್ಣು. ಅದು ಡ್ಯಾಂಡಿ ಡಿನ್ಮಾಂಟ್ ಟೆರಿಯರ್.

ಇಲ್ಲಿಂದ ದಕ್ಷಿಣಕ್ಕೆ, ಸ್ಕಾಟ್ಲೆಂಡಿನ ಗಡಿನಾಡೇ ಇದರ ತವರು. ನೀರುನಾಯಿ, ಬ್ಯಾಡ್ಜರ್‌ಗಳ ಬೇಟೆಗೆ ರೈತರು ಸಾಕಿಕೊಂಡ ತಳಿ. 1815ರಲ್ಲಿ ವಾಲ್ಟರ್ ಸ್ಕಾಟ್ ‘ಗೈ ಮ್ಯಾನರಿಂಗ್’ ಕಾದಂಬರಿಯಲ್ಲಿ ಡ್ಯಾಂಡಿ ಡಿನ್ಮಾಂಟ್ ಎಂಬ ರೈತನನ್ನು ಸೃಷ್ಟಿಸಿದ. ಅವನ ಆರು ನಾಯಿಗಳಿಗೆ ಎರಡೇ ಹೆಸರು: ಮೆಣಸು, ಸಾಸಿವೆ. ಮುದಿ ಮೆಣಸು, ಎಳೆ ಮೆಣಸು, ಪುಟ್ಟ ಮೆಣಸು, ಸಾಸಿವೆಯೂ ಹಾಗೆಯೇ. ಹಿಂಡ್ಲಿಯ ಜೇಮ್ಸ್ ಡೇವಿಡ್‌ಸನ್ ಎಂಬ ನಿಜವಾದ ರೈತನೂ ತನ್ನ ನಾಯಿಗಳನ್ನು ಹೀಗೇ ಕರೆಯುತ್ತಿದ್ದ. ಕಾದಂಬರಿಯ ಪಾತ್ರದ ಹೆಸರು ಕೊನೆಗೆ ತಳಿಗೇ ನಿಂತಿತು. ನಮ್ಮ ಒಗ್ಗರಣೆ ಡಬ್ಬಿಯ ಎರಡು ಖಾನೆಗಳು ಇಂದಿಗೂ ಇದರ ಎರಡು ಮೈಬಣ್ಣಗಳ ಹೆಸರು!

1875ರಲ್ಲೇ ಸೆಲ್ಕರ್ಕ್‌ನಲ್ಲಿ ಈ ತಳಿಗೆಂದು ಸಂಘ ಹುಟ್ಟಿತು. ಇಷ್ಟು ಹೆಸರಿದ್ದೂ ಬ್ರಿಟನ್ನಿನಲ್ಲಿ ವರ್ಷಕ್ಕೆ 300 ಮರಿಗಳೂ ನೋಂದಣಿಯಾಗುವುದಿಲ್ಲ. ಅಳಿವಿನ ಅಂಚಿನ ತಳಿಗಳ ಪಟ್ಟಿಯಲ್ಲಿ ಇದೂ ಇದೆ. ನನ್ನ ಹೊಟ್ಟೆ ಉರಿಯುವುದು ಇಲ್ಲಿಯೇ.

ಸಾಕುವವರು ಮೊದಲು ಬೆನ್ನನ್ನು ನೋಡಿಕೊಳ್ಳಬೇಕು. ಕಳೆದ ಚಳಿಗಾಲ ನನ್ನ ಬಳಿ ಸಾಸಿವೆ ಬಣ್ಣದ್ದೊಂದು ಬಂತು. ಸೋಫಾದಿಂದ ಹಾರಿದ್ದಷ್ಟೇ, ಬೆನ್ನುಮೂಳೆಯ ನಡುವಿನ ಮೆತ್ತೆ ಜಾರಿ ಹಿಂಗಾಲು ಸೋತಿತ್ತು. ಅಷ್ಟು ನೋವಿನಲ್ಲೂ ನನ್ನ ಕೈ ನೆಕ್ಕುತ್ತಿತ್ತು. ಅದಕ್ಕೇ ಹೇಳುತ್ತೇನೆ, ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಹಿಂಭಾಗದಡಿ ಇರಲಿ, ಬೆನ್ನು ನೆಟ್ಟಗಿರಲಿ. ಮರಿಗಳಿಗೆ ಮೆಟ್ಟಿಲು ಬೇಡ. ತೂಕ 8ರಿಂದ 11 ಕಿಲೋ ಇದ್ದರೆ ಸಾಕು, ಪ್ರೀತಿಯಿಂದ ಬಿಸ್ಕತ್ತು ತಿನ್ನಿಸಿ ಬೆನ್ನಿನ ಮೇಲೆ ಭಾರ ಹೇರಬೇಡಿ. ಗ್ಲಾಕೋಮಾ ಬರುವ ತಳಿಯಾದ್ದರಿಂದ ಕಣ್ಣನ್ನೂ ಪರೀಕ್ಷೆ ಮಾಡಿಸುತ್ತಿರಿ.

ಕೂದಲಿಗೆ ಮೆಷಿನ್ ಹಾಕಬೇಡಿ. ಗಡುಸು ಕೂದಲೂ ಮೆದು ಕೂದಲೂ ಬೆರೆತ ಮೈ ಅದು. ಸತ್ತ ಕೂದಲನ್ನು ಬೆರಳಲ್ಲೇ ಕಿತ್ತರೆ ಅದರ ಬಣ್ಣ, ಬಿಗಿ ಉಳಿಯುತ್ತದೆ.

ಈಗ ಟೇಪು ಕತ್ತರಿಸುತ್ತೇನೆ. ಮಕ್ಕಳೇ, ಆ ನಾಯಿಯನ್ನು ಮುದ್ದಾಡುವ ಆಸೆಯಿದ್ದರೆ ಅದನ್ನು ಎತ್ತಬೇಡಿ, ಪಕ್ಕದಲ್ಲಿ ನೆಲಕ್ಕೆ ಕೂತುಕೊಳ್ಳಿ. ಮನಸ್ಸಾದರೆ ಅದೇ ಬಂದು ನಿಮ್ಮ ತೊಡೆ ಏರುತ್ತದೆ.